ಲಿಲಾವಿಗೆ ಬಂದ ಸುಲ್ತಾನನ ಸೊತ್ತು

ಮೈಸೂರು ಸೀಮೆಯವರು ಹರಾಜು ಎನ್ನುವುದನ್ನು ಧಾರವಾಡ, ಬೆಳಗಾವಿಯ ಕಡೆಯವರು ಲಿಲಾವು ಎನ್ನುತ್ತಾರೆ. ಪುಣೆಗೆ ಬಂದು ನೆಲೆಸಿದ ನಮಗೆ ಎರಡು ಮಾತೂ ಬಳಕೆಯವೇ. ಬಿಬವೇವಾಡಿಯ ಮಗ್ಗುಲಲ್ಲಿರುವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ, ಬಟಾಟೆ, ಬೆಲ್ಲಗಳ ದರ ಏರುವುದನ್ನೂ ಇಳಿಯುವುದನ್ನೂ ನಮ್ಮವರು ಕಂಡು ಬಲ್ಲರು. ಅಲ್ಲಿ ಬೆಲೆ ಕಟ್ಟುವುದು ಮಾಲಿನ ತೂಕಕ್ಕೆ. ಹಳೆಯ ವಸ್ತುಗಳ ಲಿಲಾವಿನಲ್ಲಾದರೋ ಬೆಲೆ ಕಟ್ಟುವುದು ಅದರ ಹಿಂದಿನ ಕತೆಗೆ. 2023ರ ಮೇ 23ರಂದು ಲಂಡನ್ನಿನ ಬಾನ್ಹ್ಯಾಮ್ಸ್ ಸಂಸ್ಥೆಯ ಲಿಲಾವಿನಲ್ಲಿ ಒಂದು ಖಡ್ಗವು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 140 ಕೋಟಿ ರೂಪಾಯಿ. ಆ ಖಡ್ಗದ ಒಡೆಯನಾಗಿದ್ದವನು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ. ಆತನ ವಸ್ತುಗಳ ಜಾಡು ಹಿಡಿದು ಆತನ ಬಾಳನ್ನು ಈ ರಾಜ್ಯೋತ್ಸವದ ಸಂಚಿಕೆಯ ವಾಚಕರ ಮುಂದಿಡಲು ಬಯಸುತ್ತೇವೆ.

ಟಿಪ್ಪುವು 1750ರ ಸುಮಾರಿಗೆ ದೇವನಹಳ್ಳಿಯಲ್ಲಿ ಹುಟ್ಟಿದನು. ಆರ್ಕಾಟಿನ ಟಿಪ್ಪು ಮಸ್ತಾನ್ ಎಂಬ ಸಂತನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ಹೈದರ್ ಅಲಿಯು ಅಕ್ಷರ ಕಲಿತವನಲ್ಲ. ಮೈಸೂರು ಅರಸರ ಸೇನೆಯಲ್ಲಿ ಕೆಳಗಿನಿಂದ ಮೇಲೇರಿ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. ಮಗನಿಗೆ ಮಾತ್ರ ಓದು ಬರಹ, ಕುದುರೆ ಸವಾರಿ, ಯುದ್ಧವಿದ್ಯೆ ಎಲ್ಲವನ್ನೂ ಕಲಿಸಿದನು. 1780ರಲ್ಲಿ ಪೊಳ್ಳಿಲೂರಿನ ರಣರಂಗದಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ದಂಡು ಸೋತು ಸೆರೆಯಾಯಿತು. ಆ ದಿನದ ಗೆಲುವಿನಲ್ಲಿ ತರುಣ ಟಿಪ್ಪುವಿನ ಪಾಲು ದೊಡ್ಡದು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಕದನದ ಚಿತ್ರವನ್ನು ಈಗಲೂ ನೋಡಬಹುದು. ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿಯೊಬ್ಬನಿದ್ದನು. ಮೈಯಲ್ಲಿ ಗಾಯ ಹೊತ್ತು ಆತನು 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊಳೆತನು. ಈ ಹೆಸರನ್ನು ವಾಚಕರು ನೆನಪಿಡಬೇಕು, ಮುಂದೆ ಬೇಕಾಗುವುದು.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು, ಟಿಪ್ಪುವು ಅರಸನಾದನು. ಹೊಸತನ್ನು ಕಂಡರೆ ಬಿಡದ ಸ್ವಭಾವ ಆತನದು. ಪಂಚಾಂಗ, ನಾಣ್ಯ, ಅಳತೆಗಳನ್ನೆಲ್ಲ ಬದಲಿಸಿದನು. ಮೈಸೂರು ಸೀಮೆಯಲ್ಲಿ ರೇಷ್ಮೆಯ ಬೇಸಾಯಕ್ಕೆ ಒತ್ತು ಕೊಟ್ಟನು. ಕಬ್ಬಿಣದ ಕೊಳವೆಯ ಬಾಣಗಳನ್ನು ಸೇನೆಗೆ ಒದಗಿಸಿದನು. ಹುಲಿಯೆಂದರೆ ಆತನಿಗೆ ಬಲು ಮೋಹ. ಸಿಪಾಯಿಗಳ ಅಂಗಿಯಲ್ಲಿ ಹುಲಿಯ ಪಟ್ಟೆ, ಖಡ್ಗದ ಹಿಡಿಯಲ್ಲಿ ಹುಲಿಯ ತಲೆ, ಸಿಂಹಾಸನದಲ್ಲೂ ಹುಲಿಯೇ. ಇಂಗ್ಲಿಷ್ ಸಿಪಾಯಿಯ ಮೇಲೆ ಎರಗಿದ ಮರದ ಹುಲಿಯೊಂದನ್ನು ಆಳೆತ್ತರಕ್ಕೆ ಮಾಡಿಸಿ, ಅದರ ಹೊಟ್ಟೆಯೊಳಗೆ ತಿದಿ ಕೊಳವೆಗಳನ್ನು ಕೂರಿಸಿದ್ದರು. ಹಿಡಿ ತಿರುಗಿಸಿದರೆ ಹುಲಿಯು ಗುರುಗುಟ್ಟುವುದು, ಸಿಪಾಯಿಯು ನರಳುವನು. ಅರಸನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಆ ಆಟಿಕೆಯು ಯಾವ ಕಾಗದಪತ್ರಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಆತನನ್ನು ಕೊಂಡಾಡುವವರೂ ಉಂಟು, ಶಪಿಸುವವರೂ ಉಂಟು. ಕೊಡಗಿನಲ್ಲಿ, ಮಲಬಾರಿನಲ್ಲಿ, ಮಂಗಳೂರಿನ ಕ್ರೈಸ್ತರಲ್ಲಿ ಆತನು ಸೆರೆಹಿಡಿದು ಒಯ್ದವರ ನೆನಪು ಇನ್ನೂ ಮಾಸಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ನಮ್ಮಿಂದಾಗದು. ಪುಣೆಯ ಪೇಶ್ವೆಯರೊಡನೆಯೂ ಆತನಿಗೆ ಸುಮಾರು ವರ್ಷಗಳ ಹಗೆ. 1791ರಲ್ಲಿ ಪರಶುರಾಮ ಭಾವೂ ಪಟವರ್ಧನನ ಸೇನೆಯೊಡನೆ ಬಂದ ಲೂಟಿಗಾರರು ಶೃಂಗೇರಿಯ ಮಠವನ್ನು ಸುಲಿದರು. ಆಗ ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯಗಳನ್ನು ಒದಗಿಸಿದವನು ಟಿಪ್ಪು. ಆ ಸಂಬಂಧವಾಗಿ ಆತನು ಸ್ವಾಮಿಗಳಿಗೆ ಬರೆಸಿದ ಕಾಗದಗಳು ಕನ್ನಡದಲ್ಲಿವೆ, 1916ರಲ್ಲಿ ಆರ್. ನರಸಿಂಹಾಚಾರ್ಯರು ಅವನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು. ಮರುವರ್ಷವೇ, 1792ರಲ್ಲಿ, ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಕೂಡಿ ಟಿಪ್ಪುವನ್ನು ಮಣಿಸಿದರು. ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಮದರಾಸಿಗೆ ಒತ್ತೆಯಾಗಿ ಕಳುಹಿಸಬೇಕಾಯಿತು.

ಕೊನೆಯ ಯುದ್ಧ 1799ರದು. ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಒಡೆದ ಕಡೆಯಿಂದ ಇಂಗ್ಲಿಷ್ ಸೇನೆ ನುಗ್ಗಿತು. ಮುಂದಾಳಾಗಿ ನಿಂತವನು ಆ ಹಳೆಯ ಸೆರೆಯಾಳು, ಈಗ ಮೇಜರ್ ಜನರಲ್ ಆಗಿದ್ದ ಬೇರ್ಡ್. ಟಿಪ್ಪುವು ಕಾದಾಡುತ್ತ ಕೋಟೆಯ ಬಾಗಿಲ ಬಳಿ ಬಿದ್ದನು. ಇರುಳಿನಲ್ಲಿ ದೀಪ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ಆತನ ದೇಹವನ್ನು ಗುರುತಿಸಿದರು. ಆ ರಾತ್ರಿಯೆಲ್ಲ ಊರು ಸುಲಿಗೆಗೆ ಈಡಾಯಿತು. ಮರುದಿನಗಳಲ್ಲಿ ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೇರಿಸಿದ ಮೇಲೆಯೇ ಅದು ಅಡಗಿದ್ದು.

ಬಿಡಿ ಸುಲಿಗೆ ನಿಂತಿತು, ಕಟ್ಟಳೆಯ ಸುಲಿಗೆ ಮೊದಲಾಯಿತು. ಗೆದ್ದ ಸೊತ್ತನ್ನು ಪಟ್ಟಿ ಮಾಡಿ ದರ್ಜೆಗೆ ತಕ್ಕಂತೆ ಸೇನೆಯಲ್ಲಿ ಹಂಚುವುದು ಅಂದಿನ ಇಂಗ್ಲಿಷರ ವಾಡಿಕೆ. ಅದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿದರು. ಹಂಚಲು ಬಾರದ್ದನ್ನು ಕೋಟೆಯಲ್ಲೇ ಲಿಲಾವಿಗಿಟ್ಟರು. ಸುಲ್ತಾನನ ಉಡುಪುಗಳೂ ಲಿಲಾವಿಗೆ ಬರುವ ಹಾಗಾದಾಗ ವೆಲ್ಲೆಸ್ಲಿಯು ತಡೆದು, ಸರಕಾರವೇ ಕೊಂಡುಬಿಡಲಿ ಎಂದು ಸಲಹೆ ಕೊಟ್ಟನು. ಊರ ಮುಸಲ್ಮಾನರು ಕೊಂಡು ಪೂಜ್ಯವಸ್ತುಗಳಂತೆ ಕಾಪಾಡಿಕೊಂಡಾರೆಂಬ ಅಂಜಿಕೆ ಆತನದು. ಸತ್ತ ಅರಸನ ಅಂಗಿಗೂ ಅಷ್ಟು ಹೆದರಿಕೆ! ಬಂಗಾರದ ಸಿಂಹಾಸನವನ್ನು ಇಡಿಯಾಗಿ ಉಳಿಸದೆ ಒಡೆದು ತುಂಡುಮಾಡಿದರು. ಅದರ ಮೇಲಿದ್ದ ರತ್ನಖಚಿತ ಹುಮಾ ಹಕ್ಕಿಯೂ ದೊಡ್ಡ ಹುಲಿಯ ತಲೆಯೂ ಇಂಗ್ಲೆಂಡಿನ ಅರಸರ ಸಂಗ್ರಹ ಸೇರಿದವು. ಮರದ ಹುಲಿಯು ಲಂಡನ್ನಿಗೆ ಹೋಗಿ, 1880ರಿಂದ ಅಲ್ಲಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಎರಡು ಸಾವಿರ ಹೊತ್ತಿಗೆಗಳ ಗ್ರಂಥಭಂಡಾರವು ಹಂಚಿಹೋಯಿತು. ಮಕ್ಕಳನ್ನು ವೇಲೂರಿಗೂ, 1806ರ ಸಿಪಾಯಿಗಳ ದಂಗೆಯ ತರುವಾಯ ಕಲ್ಕತ್ತೆಗೂ ಸಾಗಿಸಿದರು. ಮಲಗುವ ಮನೆಯಲ್ಲಿ ಸಿಕ್ಕ ಖಡ್ಗವನ್ನು ಸೇನೆಯು ಬೇರ್ಡನಿಗೆ ಕಾಣಿಕೆಯಾಗಿ ಕೊಟ್ಟಿತು. 2023ರಲ್ಲಿ 140 ಕೋಟಿಗೆ ಹೋದದ್ದು ಅದೇ.

ಸಿಪಾಯಿಗಳ, ಅಧಿಕಾರಿಗಳ ಮನೆ ಸೇರಿದ ಸರಕು ಇಂಗ್ಲೆಂಡಿನ ಅಟ್ಟಗಳಿಂದ ಒಂದೊಂದಾಗಿ ಇಳಿದು ಬರುತ್ತಲೇ ಇದೆ. ಟಿಪ್ಪುವಿನದೆಂಬ ಖಡ್ಗವೊಂದನ್ನು 2003ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಲಂಡನ್ನಿನ ಲಿಲಾವಿನಲ್ಲಿ ಕೊಂಡರು. ನಾಡಿನವರು ಹಿಗ್ಗಿದರು, ಮುಂದೆ ಅವರು ಅದನ್ನು ಕೈಬಿಟ್ಟ ಸುದ್ದಿಯೂ ಬಂತು. ಸಿಂಹಾಸನದ ಕಟಾಂಜನದಲ್ಲಿದ್ದ ಚಿಕ್ಕ ಹುಲಿತಲೆಗಳು ಅರಗಿನ ಗಟ್ಟಿಯ ಮೇಲೆ ಬಂಗಾರದ ತಗಡು ಹೊದಿಸಿ ಮಾಣಿಕ, ವಜ್ರ, ಪಚ್ಚೆ ಕೂರಿಸಿದವು. 2009ರಲ್ಲಿ ಒಂದು, 2010ರಲ್ಲಿ ಇನ್ನೊಂದು ಮಾರಿದವು, ಒಂದೊಂದಕ್ಕೂ ಸುಮಾರು ನಾಲ್ಕು ಲಕ್ಷ ಪೌಂಡು. 2015ರಲ್ಲಿ ಆಯುಧ ಮುಂತಾದ 30 ವಸ್ತುಗಳು 60 ಲಕ್ಷ ಪೌಂಡಿಗೆ ಹೋದವು. 2021ರಲ್ಲಿ ಮತ್ತೊಂದು ಹುಲಿತಲೆಗೆ 15 ಲಕ್ಷ ಪೌಂಡು ಬೆಲೆ ಕಟ್ಟಿ, ಅದು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರಕಾರವೇ ತಾತ್ಕಾಲಿಕವಾಗಿ ತಡೆಯಿತು. ಶ್ರೀರಂಗಪಟ್ಟಣದಿಂದ ಹೊತ್ತು ತಂದುದನ್ನು ತಮ್ಮ ನಾಡಿನ ಸೊತ್ತೆಂದು ಅವರು ಕಾಯುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಅಷ್ಟು ಬೆಲೆ ಯಾತಕ್ಕೆ? ಉಕ್ಕಿಗಲ್ಲ, ಬಂಗಾರಕ್ಕೂ ಅಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಕಾಗದಕ್ಕೆ. ಕಾಗದವಿಲ್ಲದ ಅಂಥದೇ ಕತ್ತಿಯು ಇಲ್ಲಿನ ಜೂನಾ ಬಜಾರಿನಲ್ಲಿ ಹಳೆಯ ಕಬ್ಬಿಣದ ಬೆಲೆಗೆ ಹೋದೀತು. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆಯ ದೀಪ, ಓಲೆಯ ಕಟ್ಟುಗಳಿದ್ದರೆ, ಅವು ಯಾವ ಊರಿನವು, ಯಾರವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. 1972ರ ಕಾಯದೆಯ ಮೇರೆಗೆ ನೂರು ವರ್ಷ ಮೀರಿದ ಪುರಾತನ ವಸ್ತುವನ್ನೂ 75 ವರ್ಷ ಮೀರಿದ ಬೆಲೆಯುಳ್ಳ ಹಸ್ತಪ್ರತಿಯನ್ನೂ ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳ ಪೆಟ್ಟಿಗೆಗೆ ಹಾಕುವ ಮುನ್ನ ಇದು ನೆನಪಿರಲಿ. ಶುಕ್ರವಾರ ಪೇಟೆಯಲ್ಲಿ ದಿನಕರ ಕೇಳ್ಕರರು ಕೂಡಿಹಾಕಿದ ಸುಮಾರು 20,000 ವಸ್ತುಗಳ ಸಂಗ್ರಹಾಲಯವಿದೆ. ತೀರಿಹೋದ ಮಗ ರಾಜಾನ ಹೆಸರಿನಲ್ಲಿ ಅವರು ಅದನ್ನು ಕಟ್ಟಿದರು, 1975ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಅಡಕೊತ್ತು, ದೀಪ, ಒರಳುಗಳೇ ಅಲ್ಲಿ ಹೆಚ್ಚು. ಮಕ್ಕಳೊಡನೆ ಒಮ್ಮೆ ನೋಡಿಬರತಕ್ಕ ಜಾಗ.

ಟಿಪ್ಪುವು ತನಗೆಂದು ಇಟ್ಟುಕೊಂಡದ್ದರಲ್ಲಿ ಬಹುಪಾಲು ಹೀಗೆ ಕಡಲಾಚೆ ಹೋಯಿತು. ಕೊಟ್ಟದ್ದು ಮಾತ್ರ ಊರಲ್ಲಿದೆ. ಅರಮನೆಯ ಮಗ್ಗುಲಲ್ಲೇ ಇದ್ದ ಶ್ರೀರಂಗನಾಥನ ಗುಡಿಗೆ ಆತನು ಕೊಟ್ಟ ಬೆಳ್ಳಿಯ ಬಟ್ಟಲುಗಳು, ಮೇಲುಕೋಟೆಯ ಗುಡಿಗೆ ಕೊಟ್ಟ ಪಾತ್ರೆಗಳು, ನಂಜನಗೂಡಿನಲ್ಲಿ ಆತನ ಕಾಣಿಕೆಯೆಂದು ಹೇಳುವ ಪಚ್ಚೆಯ ಲಿಂಗ, ಶೃಂಗೇರಿಯ ಕಾಗದಗಳು, ಇವು ಯಾವ ಲಿಲಾವಿಗೂ ಬರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಳಿ ಬತ್ತಿದ ಬಾವಿಯೊಂದನ್ನು ಅಗೆದಾಗ ಆತನ ಕಾಲದ ಕಬ್ಬಿಣದ ಬಾಣಗಳು ಸಾವಿರಕ್ಕೂ ಮಿಕ್ಕಿ ಸಿಕ್ಕವು. ತುಕ್ಕು ಹಿಡಿದ, ಮಣ್ಣು ಮೆತ್ತಿದ ಕೊಳವೆಗಳು. ಅವನ್ನು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಒಯ್ದರು.