ಕೊಡೆ ಕೊಟ್ಟು ಟಿಂಬಕ್ಟು ಸೇರಿದವನು

ಊರಿಗೆ ಹೊರಟಾಗ ಬಸ್ಸು ಎರಡು ಗಂಟೆ ತಡವಾದ್ರೆ ನಮಗೆ ತಲೆ ಕೆಟ್ಟುಹೋಗುತ್ತೆ. ರೆನೆ ಕಾಯೆ ದಾರಿಯಲ್ಲಿ ಸಿಕ್ಕ ಒಂದೇ ಹಳ್ಳಿಯಲ್ಲಿ ಐದು ತಿಂಗಳು ಕಳೆದ.

ಹುಟ್ಟಿದ್ದು 1799ರಲ್ಲಿ, ಫ್ರಾನ್ಸಿನ ಮೋಜೆ ಅನ್ನೋ ಸಣ್ಣ ಊರಲ್ಲಿ. ಬ್ರೆಡ್ ಸುಡುತ್ತಿದ್ದ ಅಪ್ಪ ಜೈಲು ಸೇರಿ ಅಲ್ಲೇ ಸತ್ತ. ಅಮ್ಮನೂ ಬೇಗ ಹೋದಳು. ರಾಬಿನ್ಸನ್ ಕ್ರೂಸೋ ಓದಿ ತಲೆಗೆ ಹುಳ ಬಿಟ್ಟುಕೊಂಡ ಹುಡುಗ 1816ರಲ್ಲಿ ಸೆನೆಗಲ್‌ಗೆ ಹಡಗು ಹತ್ತಿದ. ಹೇಗಾದರೂ ಟಿಂಬಕ್ಟು ನೋಡಬೇಕು ಅನ್ನೋದೇ ಹಟ. ಅದು ಬಂಗಾರ ತುಂಬಿದ ನಗರ ಅಂತ ಯುರೋಪಿನವರು ಕನಸು ಕಾಣುತ್ತಿದ್ದ ಕಾಲ. ನೋಡಿ ಬದುಕಿ ಬಂದವರಿಗೆ ಪ್ಯಾರಿಸ್ಸಿನ ಭೂಗೋಳ ಸಂಘ ಬಹುಮಾನವನ್ನೂ ಇಟ್ಟಿತ್ತು.

ಸರ್ಕಾರದ ದುಡ್ಡು ಕೇಳಿದ, ಸಿಗಲಿಲ್ಲ. ಮರುಭೂಮಿಯ ಮೂರ್ ಜನರ ಜೊತೆ ಇದ್ದು ಅರಬ್ಬಿ, ಕುರಾನ್ ಕಲಿತ. ಆಮೇಲೆ ಸಿಯೆರಾ ಲಿಯೋನಿನಲ್ಲಿ ನೀಲಿ ಬಣ್ಣದ ಕಾರ್ಖಾನೆಯಲ್ಲಿ ದುಡಿದು 2000 ಫ್ರಾಂಕ್ ಕೂಡಿಟ್ಟ. 1827ರ ಏಪ್ರಿಲ್ 19ರಂದು, ಈಗಿನ ಗಿನಿ ದೇಶದ ಬೋಕೆ ಹತ್ತಿರದಿಂದ ವ್ಯಾಪಾರಿಗಳ ತಂಡದ ಜೊತೆ ನಡೆದು ಹೊರಟ. ಆ ಸೀಮೆಗೆ ಆಗ ಅದೇ ಸರ್ಕಾರಿ ಬಸ್ಸು ಅನ್ನಿ. ಯಾವಾಗ ಹೊರಡುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ವ್ಯಾಪಾರಿಗಳ ಕೈಲಿ. ತಾನು ಈಜಿಪ್ಟಿನವ, ಚಿಕ್ಕಂದಿನಲ್ಲಿ ನೆಪೋಲಿಯನ್ನನ ಸೈನ್ಯ ಫ್ರಾನ್ಸಿಗೆ ಒಯ್ದಿತ್ತು, ಈಗ ಮನೆಗೆ ಹೋಗ್ತಿದ್ದೀನಿ ಅಂತ ಹೋದಲ್ಲೆಲ್ಲ ಹೇಳಿದ. ಆ ಸುಳ್ಳೇ ಅವನ ಪಾಸ್‌ಪೋರ್ಟ್. ಬರೆಯೋದು ಕಂಡರೆ ಅನುಮಾನ ಪಡುತ್ತಾರೆ, ಹಾಗಾಗಿ ಕುರಾನ್ ಓದುವವನಂತೆ ಕೂತು ಕದ್ದು ಟಿಪ್ಪಣಿ ಮಾಡುತ್ತಿದ್ದ.

ಈಗಿನ ಐವರಿ ಕೋಸ್ಟಿನ ಟಿಯೆಮೆ ಹಳ್ಳಿ ಮುಟ್ಟುವಾಗ ಕಾಲಿನ ಗಾಯ ಕೊಳೆತಿತ್ತು. ಬೆನ್ನಿಗೇ ಸ್ಕರ್ವಿ ಬಂದು ಬಾಯೆಲ್ಲ ಹುಣ್ಣಾಯಿತು. ತಂಡಗಳು ಮುಂದೆ ಹೋದವು, ಇವನು ಚಾಪೆ ಮೇಲೆ. ಊರಿನ ಒಬ್ಬ ಮುದುಕಿ ಆರೈಕೆ ಮಾಡಿ ಉಳಿಸಿದಳು. ಬಹುಮಾನದಲ್ಲಿ ಅವಳಿಗೂ ಪಾಲಿರಬೇಕಿತ್ತು ಅಂತ ನನಗನಿಸುತ್ತೆ.

1828ರ ಜನವರಿಯಲ್ಲಿ ಮತ್ತೆ ನಡಿಗೆ. ಮಾರ್ಚಿನಲ್ಲಿ ಜೆನ್ನೆ. ಅಲ್ಲಿ ತನ್ನ ಕೊಡೆಯನ್ನು ಊರಿನ ಗಣ್ಯರೊಬ್ಬರಿಗೆ ಕೊಟ್ಟು ದೋಣಿಯಲ್ಲಿ ಜಾಗ ಗಿಟ್ಟಿಸಿದ. ನೈಜರ್ ನದಿಯಲ್ಲಿ ಸುಮಾರು ಒಂದು ತಿಂಗಳು. ಟುವಾರೆಗ್ ಜನ ಸುಂಕ ಕೀಳಲು ಬಂದಾಗ ದೋಣಿಯ ಒಳಗೆ ಅಡಗಿರಬೇಕಿತ್ತು.

ಏಪ್ರಿಲ್ 20ಕ್ಕೆ ಟಿಂಬಕ್ಟು. ಕಂಡಿದ್ದು ಮಣ್ಣಿನ ಮನೆಗಳು, ಸುತ್ತ ಬರೀ ಮರಳು. ಅವನು ಉಳಿದ ಮನೆಯ ಎದುರಿಗೇ, ಎರಡು ವರ್ಷ ಹಿಂದೆ ಬ್ರಿಟಿಷ್ ಮೇಜರ್ ಲೈಂಗ್ ಇದ್ದ ಮನೆ. ಲೈಂಗ್ ಊರು ಬಿಟ್ಟ ಸ್ವಲ್ಪದರಲ್ಲೇ ಕೊಲೆಯಾಗಿದ್ದ.

ಬಂದ ದಾರಿಯಲ್ಲೇ ವಾಪಸಾದರೆ ಟಿಂಬಕ್ಟು ನೋಡಿದ್ದನ್ನು ಯಾರೂ ನಂಬಲ್ಲ ಅನ್ನೋ ಭಯ. ಅದಕ್ಕೇ ಮೇ 4ರಂದು ಒಂಟೆಗಳ ಸಾರ್ಥದ ಜೊತೆ ಸಹಾರಾಕ್ಕೆ ಇಳಿದ. ಗುಟುಕು ನೀರಿಗೂ ಬೇಡುತ್ತಾ ದಾಟಿ, ಸೆಪ್ಟೆಂಬರಿನಲ್ಲಿ ಭಿಕ್ಷುಕನ ವೇಷದಲ್ಲಿ ಮೊರಾಕೊದ ಟ್ಯಾಂಜಿಯರ್ ತಲುಪಿ ಫ್ರೆಂಚ್ ಕಾನ್ಸುಲೇಟಿನ ಬಾಗಿಲು ತಟ್ಟಿದ. ಅಲ್ಲಿಂದ ನಾವಿಕನ ಬಟ್ಟೆ ತೊಡಿಸಿ ಹಡಗು ಹತ್ತಿಸಿದರು.

ಬಹುಮಾನ ಬಂತು. 1830ರ ಪುಸ್ತಕದಲ್ಲಿ ಟಿಂಬಕ್ಟುವನ್ನು ಕಂಡ ಹಾಗೇ ಬರೆದ, ಬಂಗಾರ ಬೆರೆಸಲಿಲ್ಲ. ಬ್ರಿಟನ್ನಿನಲ್ಲಿ ಹಲವರು ನಂಬಲೇ ಇಲ್ಲ. ಪ್ರಯಾಣದಲ್ಲಿ ಸೊರಗಿದ ದೇಹ ಚೇತರಿಸಿಕೊಳ್ಳದೆ 1838ರಲ್ಲಿ, 38ರ ವಯಸ್ಸಿಗೇ ತೀರಿಕೊಂಡ. ಜರ್ಮನ್ ವಿದ್ವಾಂಸ ಹೈನ್ರಿಕ್ ಬಾರ್ತ್ 1853ರಲ್ಲಿ ಟಿಂಬಕ್ಟುಗೆ ಹೋಗಿ ನೋಡಿ, ಕಾಯೆ ಬರೆದದ್ದು ನಿಜ ಅಂತ ಒಪ್ಪಿದ. ಆಗ ಕಾಯೆ ಸತ್ತು 15 ವರ್ಷವಾಗಿತ್ತು.