ಎಣ್ಣೆ ಕುಡಿಯುವ ಕಂಬ, ಅರಗು ಉಡುವ ಬುಗುರಿ

ಮಕ್ಕಳೇ, ಬೆಂಗಳೂರಿನಿಂದ ಮಂಡ್ಯಕ್ಕೆ ಹೋಗುವಾಗ ಮದ್ದೂರು ವಡೆಗೆ ಸ್ವಲ್ಪ ಮುಂಚೆ ಸಿಗುವ ಊರು ಚನ್ನಪಟ್ಟಣ. ಅಲ್ಲಿನ ಬುಗುರಿ, ಗಿಲಕಿಗಳ ಹೊಳಪು ಡಬ್ಬಿ ಬಣ್ಣದ್ದಲ್ಲ, ಒಂದು ಪುಟಾಣಿ ಹುಳುವಿನದು!

ಅರಗಿನ ಹುಳು ಮುತ್ತುಗದಂಥ ಮರಗಳ ರಸ ಹೀರಿ, ಮೈಮೇಲೆ ಅಂಟಿನ ಗೂಡು ಕಟ್ಟಿಕೊಳ್ಳುತ್ತದೆ. ಆ ಅಂಟನ್ನು ಕೆರೆದು, ಕರಗಿಸಿ, ಸೋಸಿ, ಬಣ್ಣ ಬೆರೆಸಿದರೆ ಅರಗಿನ ಕಡ್ಡಿ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ. ಗಿರ್ರನೆ ತಿರುಗುವ ಆಲೆಮರದ ತುಂಡಿಗೆ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನೆಲ್ಲ ಆವರಿಸುತ್ತದೆ. ಆಮೇಲೆ ಒಣಗಿದ ಕೇದಗೆ ಗರಿಯಿಂದ ತಿಕ್ಕಬೇಕು. ಆಗ ನೋಡಿ ಆ ಮಿರುಗು! ಬ್ರಷ್ ಬೇಡ, ಒಣಗಲಿ ಎಂದು ಕಾಯುವುದೂ ಬೇಡ.

ಮಳವಳ್ಳಿ ಕಡೆಯ ನಮ್ಮಜ್ಜಿಯ ತೊಟ್ಟಿಮನೆಯಲ್ಲಿ ಅರಗಿರಲಿಲ್ಲ, ಹರಳೆಣ್ಣೆಯಿತ್ತು. ಯುಗಾದಿಗೆ ಮುಂಚೆ ಕಂಬ, ಬಾಗಿಲುಗಳಿಗೆ ಎಣ್ಣೆ ಕುಡಿಸುವುದು ಹಬ್ಬದ ಕೆಲಸಗಳಲ್ಲೊಂದು. ಕಂಬದ ಬುಡ ನಮ್ಮ ಪಾಲು, ಮೇಲ್ಭಾಗ ಮಾವಂದಿರದು. ಪ್ರತಿವರ್ಷ ಯಾಕೆ ಅಂತೀರಾ? ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪೊರೆ ಕಟ್ಟುತ್ತದೆ, ಹರಳೆಣ್ಣೆ ಹಾಗಲ್ಲ. ಮರದೊಳಗೆ ಇಳಿಯುತ್ತದೆ, ಮೇಲಿನದು ಒರೆಸಿ ಹೋಗುತ್ತದೆ. ಹುಳು ಹಿಡಿಯುವ ಮರಕ್ಕೆ ಹೊಂಗೆ ಎಣ್ಣೆ. ಅದರ ಕಹಿ ಹುಳುಗಳಿಗೆ ಆಗದು.

ಮತ್ತೆ ಅರಗಿಗೆ ಬರೋಣ. ನಮ್ಮ ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಭಾರತದಲ್ಲಿ ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ಬರುತ್ತಿರುವುದು ಇಲ್ಲಿಂದಲೇ.

ಇನ್ನು ಅಪ್ಪ ಅಮ್ಮಂದಿರಿಗೊಂದು ಮಾತು. ಹೊಸ ಹೆದ್ದಾರಿ ಚನ್ನಪಟ್ಟಣದ ಒಳಗೆ ಹೋಗುವುದೇ ಇಲ್ಲ. ನಾವೂ ಮೈಸೂರು ಬೇಗ ಮುಟ್ಟುವ ಆತುರದಲ್ಲಿರುತ್ತೇವೆ. ರಜೆಗೆ ಹೋದಾಗ ದಯವಿಟ್ಟು ಹಳೇ ರಸ್ತೆ ಹಿಡಿಯಿರಿ. ಅರಗು ಕರಗುವುದನ್ನು ಮಕ್ಕಳು ಕಣ್ಣಾರೆ ನೋಡಲಿ, ಕುಶಲಕರ್ಮಿಯನ್ನು ತಮ್ಮ ಹರಕುಮುರುಕು ಕನ್ನಡದಲ್ಲೇ ಮಾತಾಡಿಸಲಿ. ಹೋಗಲಾಗದವರು ಈ ದಸರೆಗೆ ಗೊಂಬೆ ಕೂರಿಸುವಾಗ ಚನ್ನಪಟ್ಟಣದ ಬುಗುರಿಯೊಂದನ್ನು ಕೆಳಗಿನ ಮೆಟ್ಟಿಲಲ್ಲೇ, ಮಕ್ಕಳ ಕೈಗೆ ಎಟುಕುವಂತೆ ಇಡಿ. ಅದೊಂದನ್ನು ಮಾತ್ರ ‘ಮುಟ್ಟಬೇಡ’ ಅನ್ನಬೇಡಿ.