ಕ್ವಿಲ್ಟ್‌ಗಳ ಚರಿತ್ರೆ ಬರೆದ ಮರೀ ವೆಬ್‌ಸ್ಟರ್

ಮಕ್ಕಳೇ, ಊರಿಂದ ಬರುವಾಗ ನಿಮ್ಮ ಅಜ್ಜಿ ಸೂಟ್‌ಕೇಸಿನಲ್ಲಿ ಒಂದು ಕೌದಿ ತಂದಿದ್ದರೆ, ಕ್ವಿಲ್ಟ್ ಅಂದರೇನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದರೆ ಕೌದಿ. ಅಮೆರಿಕದ ಕ್ವಿಲ್ಟ್ ಕೂಡ ಹೆಚ್ಚುಕಡಿಮೆ ಹಾಗೇ. ಮೇಲೆ ಚಂದದ ಬಟ್ಟೆ, ಕೆಳಗೆ ಸಾದಾ ಬಟ್ಟೆ, ನಡುವೆ ಹತ್ತಿ, ಮೂರನ್ನೂ ಹಿಡಿದಿಡೋಕೆ ಸಾವಿರಾರು ಸಣ್ಣ ಹೊಲಿಗೆ.

ಚಿತ್ರ ಬರೆದವರು ಮೂಲೆಯಲ್ಲಿ ಸಹಿ ಹಾಕುತ್ತಾರೆ, ಪುಸ್ತಕ ಬರೆದವರ ಹೆಸರು ರಕ್ಷಾಪುಟದ ಮೇಲೇ ಇರುತ್ತದೆ. ಕ್ವಿಲ್ಟ್ ಹೊಲಿದ ಹೆಂಗಸರಲ್ಲಿ ಹೆಚ್ಚಿನವರು ಹೆಸರು ಹಾಕಲಿಲ್ಲ. ಹೊದ್ದು, ಒಗೆದು, ಸವೆದು ಹರಿದ ಮೇಲೆ ಎಸೆದರೆ ಮುಗಿಯಿತು, ಯಾರು ಹೊಲಿದರು ಅನ್ನೋದೂ ಅದರ ಜೊತೆಗೇ ಹೋಯಿತು. ಇಂಥ ವಸ್ತುವಿಗೂ ಒಂದು ಚರಿತ್ರೆ ಇದೆ ಅಂತ ಮೊಟ್ಟಮೊದಲು ಒಂದು ಇಡೀ ಪುಸ್ತಕ ಬರೆದವರು ಮರೀ ವೆಬ್‌ಸ್ಟರ್.

ಅವರು ಹುಟ್ಟಿದ್ದು 1859ರಲ್ಲಿ, ಇಂಡಿಯಾನಾ ರಾಜ್ಯದ ವಾಬ್ಯಾಶ್ ಎಂಬ ಸಣ್ಣ ಊರಿನಲ್ಲಿ. ಹೊಲಿಗೆ ಕಲಿಸಿದವರು ಅಮ್ಮ. ಓದಿನ ಹುಚ್ಚು ಬೇಕಾದಷ್ಟಿತ್ತು, ಆದರೆ ಕಾಲೇಜಿಗೆ ಹೋಗಲು ಆಗಲಿಲ್ಲ. 1884ರಲ್ಲಿ ಜಾರ್ಜ್ ವೆಬ್‌ಸ್ಟರ್ ಅವರೊಂದಿಗೆ ಮದುವೆ, ಒಬ್ಬ ಮಗ, ಮುಂದೆ ಮ್ಯಾರಿಯನ್ ಎಂಬ ಊರಿನಲ್ಲಿ ಮನೆ, ಹೂತೋಟ. ಇಲ್ಲಿಯವರೆಗೆ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ ಅಂತ ನಿಮಗನ್ನಿಸಬಹುದು. ಸ್ವಲ್ಪ ತಡೆಯಿರಿ.

ಹೆಸರು ತಂದ ಮೊದಲ ಕ್ವಿಲ್ಟನ್ನು ಅವರು ಹೊಲಿದಾಗ ವಯಸ್ಸು ಸುಮಾರು 50. (ನಲವತ್ತಕ್ಕೇ ಇನ್ನೇನು ಹೊಸದು ಕಲಿಯೋದು ಅನ್ನುವ ಅಪ್ಪ ಅಮ್ಮಂದಿರು ಈ ಸಾಲನ್ನು ಎರಡು ಸಲ ಓದಬಹುದು!) ಹಳೆಯ ಕಾಲದ ಒಂದು ಗುಲಾಬಿ ವಿನ್ಯಾಸವನ್ನೇ ತೆಗೆದುಕೊಂಡು ತಮ್ಮದೇ ರೀತಿಯಲ್ಲಿ ಬದಲಾಯಿಸಿದರು. ಬಟ್ಟೆಯನ್ನು ಹೂವು, ಎಲೆ, ದಂಟಿನ ಆಕಾರಕ್ಕೆ ಕತ್ತರಿಸಿ ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿಯುವ ಕೆಲಸ ಅದು. ತೋಟದಲ್ಲಿ ಕಂಡ ಹೂಗಳೇ ಬಟ್ಟೆಗೆ ಬಂದವು. ಬಣ್ಣಗಳೂ ಹಾಗೇ, ತಿಳಿ ಗುಲಾಬಿ, ತಿಳಿ ಹಸಿರು, ತಿಳಿ ನೀಲಿ.

ಅದನ್ನು ನೋಡಿದ ಗೆಳತಿಯರು ಪತ್ರಿಕೆಗೆ ಕಳಿಸು ಅಂತ ಹಿಂದೆ ಬಿದ್ದರು. ಆಗ ಲೇಡೀಸ್ ಹೋಮ್ ಜರ್ನಲ್ ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಗುತ್ತಿದ್ದ ಪತ್ರಿಕೆ. 1911ರ ಜನವರಿ ಸಂಚಿಕೆಯಲ್ಲಿ ಮರೀ ಅವರ ನಾಲ್ಕು ಕ್ವಿಲ್ಟ್‌ಗಳು ಬಣ್ಣದಲ್ಲಿ ಅಚ್ಚಾದವು. ನಮಗೂ ಬೇಕು, ಹೇಗೆ ಹೊಲಿಯೋದು ಹೇಳಿಕೊಡಿ ಅಂತ ಕಾಗದಗಳು ಬರತೊಡಗಿದವು.

ಅದಕ್ಕೆ ಅವರು ಮಾಡಿದ ಏರ್ಪಾಟು ನನ್ನಂಥ ಎಂಜಿನಿಯರಿಗೆ ತುಂಬಾ ಇಷ್ಟ. 50 ಸೆಂಟ್ ಕಳಿಸಿದರೆ ಅಂಚೆಯಲ್ಲಿ ಒಂದು ಪೊಟ್ಟಣ ಬರುತ್ತಿತ್ತು. ಅದರಲ್ಲಿ ಪ್ರತಿ ಎಲೆ, ಎಸಳಿನ ನಿಜವಾದ ಅಳತೆಯ ನಕ್ಷೆ ಬ್ಲೂಪ್ರಿಂಟಿನಲ್ಲಿ, ಅಂದರೆ ಸೇತುವೆ ಕಟ್ಟುವವರು ಆಗ ಬಳಸುತ್ತಿದ್ದಂಥ ನೀಲಿ ಕಾಗದದಲ್ಲಿ. ಯಾವ ತುಂಡು ಎಲ್ಲಿ ಕೂರಬೇಕು ಅಂತ ತೋರಿಸಲು ಬಣ್ಣದ ಟಿಶ್ಯೂ ಕಾಗದದ ಪುಟ್ಟ ಮಾದರಿ. ಜೊತೆಗೆ ಹೊಲಿಯುವ ಕ್ರಮ, ಒಂದು ಫೋಟೋ. ನಮ್ಮ ಆಫೀಸುಗಳಲ್ಲಿ ಡಾಕ್ಯುಮೆಂಟೇಶನ್ ಬರೆಯಿರಿ ಅಂದರೆ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ. ಇವರು ಮನೆಯಲ್ಲೇ ಕೂತು ಎಷ್ಟು ನೀಟಾಗಿ ಮಾಡಿದ್ದಾರೆ ನೋಡಿ. 1921ರಲ್ಲಿ ಗೆಳತಿಯರ ಜೊತೆ ಸೇರಿ ಪ್ರಾಕ್ಟಿಕಲ್ ಪ್ಯಾಚ್‌ವರ್ಕ್ ಕಂಪನಿ ಅಂತಲೇ ಶುರುಮಾಡಿದರು.

ಆದರೆ ದೊಡ್ಡ ಕೆಲಸ ಆದದ್ದು 1915ರಲ್ಲಿ. ಆ ವರ್ಷ ಅವರ ಪುಸ್ತಕ ಹೊರಬಂತು. ಪ್ರಾಚೀನ ಈಜಿಪ್ಟಿನಿಂದ ಹೊರಟು, ಯುರೋಪಿನ ಮಧ್ಯಯುಗ, ಹಳೆಯ ಇಂಗ್ಲೆಂಡ್ ದಾಟಿ ಅಮೆರಿಕಕ್ಕೆ ಬರುತ್ತದೆ. ಹೊಲಿಯುವುದು ಹೇಗೆ ಅನ್ನೋದಕ್ಕೆ ಒಂದು ಅಧ್ಯಾಯ, ಪ್ರದರ್ಶನಗಳಿಗೆ ಇನ್ನೊಂದು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬರೀ ಹೆಸರುಗಳ ಬಗ್ಗೆ ಇರುವ ಅಧ್ಯಾಯ. ಕ್ವಿಲ್ಟ್ ವಿನ್ಯಾಸಗಳಿಗೆ ಎಂತೆಂಥ ಹೆಸರು ಗೊತ್ತಾ? ಕರಡಿ ಪಂಜ, ಕುಡುಕನ ದಾರಿ (ಅಂಕುಡೊಂಕಾಗಿ ಹೋಗುತ್ತದೆ, ನೋಡಿದರೆ ನಗು ಬರುತ್ತದೆ), ಮರದ ದಿಮ್ಮಿಯ ಮನೆ. ಒಂದೇ ವಿನ್ಯಾಸಕ್ಕೆ ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು. ಈ ಹೆಸರುಗಳು ಅಡುಗೆಮನೆ, ಜಗಲಿಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿದ್ದವು. ಹೇಳುವ ಅಜ್ಜಿ ತೀರಿಕೊಂಡರೆ ಹೆಸರೂ ಹೋಗುತ್ತಿತ್ತು. ಮರೀ ಅವನ್ನು ಒಟ್ಟುಮಾಡಿ ಅಚ್ಚು ಹಾಕಿಸಿದರು.

ಅವರು ಬರೆದದ್ದೆಲ್ಲ ಸರಿ ಅಂತಲ್ಲ. ಅಮೆರಿಕಕ್ಕೆ ಮೊದಲು ಬಂದು ನೆಲೆಸಿದ ಬಡ ಹೆಂಗಸರು ಚಿಂದಿ ಬಟ್ಟೆ ಕೂಡಿಸಿ ಕ್ವಿಲ್ಟ್ ಹೊಲಿಯುತ್ತಿದ್ದರು ಅನ್ನುವ ನಂಬಿಕೆ ಆಗ ಎಲ್ಲರಿಗೂ ಇತ್ತು, ಅವರ ಪುಸ್ತಕದಲ್ಲೂ ಇದೆ. ಸತ್ತವರ ಮನೆಯ ಸಾಮಾನುಗಳ ಹಳೇ ಪಟ್ಟಿಗಳನ್ನು ಮುಂದಿನ ಸಂಶೋಧಕರು ತೆಗೆದು ನೋಡಿದರು. ಆ ಕಾಲದಲ್ಲಿ ಕ್ವಿಲ್ಟ್ ಅಪರೂಪ, ಅದೂ ಹಣವಂತರ ಮನೆಯಲ್ಲಿ ಅಂತ ತಿಳಿಯಿತು. ತಿದ್ದೋದಕ್ಕೂ ಮೊದಲು ಯಾರಾದರೂ ಒಬ್ಬರು ಬರೆದಿರಬೇಕಲ್ಲ!

1942ರಲ್ಲಿ, 80 ದಾಟಿದ ಮೇಲೆ, ಅವರು ವ್ಯಾಪಾರ ಬಿಟ್ಟು ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಮಗನ ಮನೆಗೆ ಹೋದರು. 1956ರಲ್ಲಿ ತೀರಿಕೊಂಡಾಗ 97 ವರ್ಷ. ಇತ್ತ ಮ್ಯಾರಿಯನ್‌ನ ಮನೆ ಕೈ ಬದಲಾಗಿ, ಪಾಳುಬಿದ್ದು, ಕೆಡವುವ ಹಂತಕ್ಕೆ ಬಂತು. ಹಳೇ ಕ್ವಿಲ್ಟಿನ ಗತಿಯೇ ಮನೆಗೂ ಬರಬೇಕಿತ್ತು. ಆಗ ಮುಂದೆ ಬಂದವರು ಮೊಮ್ಮಗಳು. ಅಜ್ಜಿಯ ಪುಸ್ತಕವನ್ನು 1990ರಲ್ಲಿ ಮತ್ತೆ ಅಚ್ಚು ಹಾಕಿಸಿದವರೂ ಅವರೇ. ಅವರ ಕುಟುಂಬ ಆ ಮನೆಯನ್ನು ಉಳಿಸಿ, ಕ್ವಿಲ್ಟರ್ಸ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆಗೆ ದಾನ ಕೊಟ್ಟಿತು. 1993ರಲ್ಲಿ ಸರಕಾರ ಅದನ್ನು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂದು ಘೋಷಿಸಿತು. ರಿಪೇರಿ ಮುಗಿದು 2004ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

ಇಂಡಿಯಾನಾಪೊಲಿಸ್‌ನಿಂದ ಕಾರಿನಲ್ಲಿ ಒಂದು, ಒಂದೂವರೆ ಗಂಟೆ ದಾರಿ. ಆ ಊರಿನ ಕಲಾ ಮ್ಯೂಸಿಯಂನಲ್ಲೂ ಮರೀ ಹೊಲಿದ ಕ್ವಿಲ್ಟ್‌ಗಳಿವೆ. ಹೋಗೋದಾದರೆ ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.